ಕಟ್ಟೆ ತುಂಬಿದೆ, ಗದ್ದೆಗೆ ನೀರಿಲ್ಲ: ಟಿವಿ ಡಬ್ಬದ ಮೇಲಿನ ಪದಗಳನ್ನು ಓದುವುದು ಹೇಗೆ

ಮದ್ದೂರಿನ ಅಕ್ಕನ ಮನೆಗೆ ಕಳೆದ ವರ್ಷ 55 ಇಂಚಿನ 4ಕೆ ಟಿವಿ ಬಂತು. ಕಬ್ಬಿನ ದುಡ್ಡು ಕೈಗೆ ಸಿಕ್ಕ ವಾರವೇ ಭಾವ ತಂದಿದ್ದರು. ಹಬ್ಬಕ್ಕೆ ಹೋದಾಗ ನೋಡಿದೆ. ಸಂಜೆಯ ಧಾರಾವಾಹಿ ಓಡುತ್ತಿತ್ತು, ಮುಖಗಳೆಲ್ಲ ಮೇಣ ಕರಗಿದ ಹಾಗೆ ಮಸುಕು, ಕೆಳಗೆ ಓಡುವ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿತ್ತು. "ಹಳೇ ಟಿವೀಲೇ ಚೆನ್ನಾಗಿ ಕಾಣ್ತಿತ್ತು ಕಣೋ" ಎಂದಳು ಅಕ್ಕ. ಅವಳು ಹೇಳಿದ್ದು ನಿಜ.

ಟಿವಿ ಹಿಂದೆ ಕೈ ಹಾಕಿದೆ. ಸೆಟ್‌ಟಾಪ್ ಬಾಕ್ಸಿನಿಂದ ಬಂದದ್ದು ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್. ಹಳೇ ಟಿವಿಯಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿ ಹೋಗಿದ್ದರು. ಆ ಹಳದಿ ಪಿನ್ನಿನಲ್ಲಿ ಹರಿಯುವುದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ, ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಇದ್ದ ಅದೇ ಪಾಲ್ ಎನ್ನುವ ಹಳೇ ಟಿವಿ ಪದ್ಧತಿಯ ಚಿತ್ರ. ಕಾಣುವ ಸಾಲು 576, ಅದಕ್ಕಿಂತ ಒಂದು ಸಾಲೂ ಜಾಸ್ತಿ ದಾಟುವುದಿಲ್ಲ. ಬಾಕ್ಸ್ ಎಚ್‌ಡಿಯದ್ದೇ ಆಗಿತ್ತು, ಟಿವಿ 4ಕೆ, ನಡುವಿನ ಮೊಳದುದ್ದದ ತಂತಿ ಮಾತ್ರ ನಲವತ್ತು ವರ್ಷ ಹಳೇ ಕಾಲದ್ದು.

ಇದನ್ನು ಭಾವನಿಗೆ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, "ಅಂದ್ರೆ ಕನ್ನಂಬಾಡಿ ಕಟ್ಟೆ ತುಂಬಿದೆ, ನಾಲೆ ಕೊನೇ ಭಾಗಕ್ಕೆ ನೀರು ಬಂದಿಲ್ಲ ಅನ್ನು" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಡಬ್ಬದ ಮೇಲೆ ಬರೆದ 4ಕೆ, ಎಚ್‌ಡಿಆರ್, ಅಟ್ಮಾಸ್ ಎಲ್ಲವೂ ಆ ವಸ್ತು ಎಷ್ಟು ತೆಗೆದುಕೊಳ್ಳಬಲ್ಲದು ಎಂದಷ್ಟೇ ಹೇಳುತ್ತವೆ. ನಿಮ್ಮ ಕಣ್ಣಿಗೆ ಏನು ಬರುತ್ತದೆ ಎನ್ನುವುದು ಚಿತ್ರ ಹೊರಟ ಜಾಗದಿಂದ ಗೋಡೆಯವರೆಗಿನ ಪೂರ್ತಿ ದಾರಿಯ ಮೇಲೆ ನಿಂತಿದೆ. ಎಲ್ಲಿ ಕಿರಿದೋ ಅಲ್ಲಿಗೆ ಮುಗಿಯಿತು.

ಹಾಗಾಗಿ ಈ ಪದಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಚುಕ್ಕಿ. ಪಿಕ್ಸೆಲ್ ಎಂದರೆ ಪರದೆ ಮೇಲಿನ ಒಂದು ಚುಕ್ಕಿ, ರಂಗೋಲಿಯ ಚುಕ್ಕಿ ಇದ್ದ ಹಾಗೆ. ಚುಕ್ಕಿ ಎಷ್ಟು ಒತ್ತೊತ್ತಾಗಿದ್ದರೆ ಗೆರೆ ಅಷ್ಟು ನಯ. ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್ ಎಂದರೆ ಹೆಚ್ಚೆಂದರೆ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು ಸುಮಾರು 4.1 ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಎಂದರೆ 1920ಕ್ಕೆ 1080, ಅಂದರೆ 20.7 ಲಕ್ಷ. 4ಕೆ ಎಂದರೆ 3840ಕ್ಕೆ 2160, ಸುಮಾರು 83 ಲಕ್ಷ. 'ಎಚ್‌ಡಿ ರೆಡಿ' ಎಂದು ಬರೆದ 32 ಇಂಚಿನ ಟಿವಿಗಳಲ್ಲಿ ಸಾಮಾನ್ಯವಾಗಿ 1366ಕ್ಕೆ 768 ಇರುತ್ತದೆ. ಅದು ಫುಲ್ ಎಚ್‌ಡಿಯ ಅರ್ಧ ಮಾತ್ರ, ಆ 'ರೆಡಿ' ಎನ್ನುವ ಮಾತನ್ನು ಗಮನಿಸಿ.

ಈಗ ಲೆಕ್ಕ ಹಾಕಿ. 4 ಲಕ್ಷ ಚುಕ್ಕಿಯ ಎಸ್‌ಡಿ ಚಿತ್ರವನ್ನು 83 ಲಕ್ಷ ಚುಕ್ಕಿಯ ಪರದೆಗೆ ತುಂಬಬೇಕು. ಒಂದು ನಿಜವಾದ ಚುಕ್ಕಿಗೆ ಇಪ್ಪತ್ತು ಜಾಗ. ಉಳಿದ ಹತ್ತೊಂಬತ್ತನ್ನು ಟಿವಿಯೇ ಅಕ್ಕಪಕ್ಕ ನೋಡಿ ಊಹಿಸಿ ಹಾಕುತ್ತದೆ. ಇದಕ್ಕೇ ಅಪ್‌ಸ್ಕೇಲಿಂಗ್ ಎನ್ನುವುದು. ಒಳ್ಳೆ ಟಿವಿ ಒಳ್ಳೆಯದಾಗಿ ಊಹಿಸುತ್ತದೆ, ಅಗ್ಗದ್ದು ಮೇಣ ಬಳಿಯುತ್ತದೆ. ಇಲ್ಲದ ವಿವರವನ್ನು ಯಾವುದೂ ತರಲಾರದು. ಅಕ್ಕನ ಹಳೇ ಟಿವಿಯಲ್ಲೂ ಬರುತ್ತಿದ್ದದ್ದು ಅದೇ 4 ಲಕ್ಷ ಚುಕ್ಕಿ, ಆದರೆ ಅದು 21 ಇಂಚಿನದು, ಚಿಕ್ಕ ಜಾಗಕ್ಕೆ ಸಾಕಾಗುತ್ತಿತ್ತು.

ಬಾಕ್ಸು ಎಚ್‌ಡಿ, ಕೇಬಲ್ಲು ಎಚ್‌ಡಿಎಂಐ (ಎಚ್‌ಡಿ, 4ಕೆ ಚಿತ್ರವನ್ನೂ ಧ್ವನಿಯನ್ನೂ ಒಂದೇ ತಂತಿಯಲ್ಲಿ ಸಾಗಿಸುವಂಥದ್ದು) ಆದ ಮಾತ್ರಕ್ಕೂ ಚಾನೆಲ್ ಎಚ್‌ಡಿ ಆಗುವುದಿಲ್ಲ. ಜೀ ಕನ್ನಡ ಬೇರೆ, ಜೀ ಕನ್ನಡ ಎಚ್‌ಡಿ ಬೇರೆ. ಕಲರ್ಸ್ ಕನ್ನಡ, ಉದಯ, ಸ್ಟಾರ್ ಸುವರ್ಣ ಎಲ್ಲಕ್ಕೂ ಹಾಗೇ ಎರಡೆರಡು. ನಂಬರ್ ಬೇರೆ, ದುಡ್ಡೂ ಬೇರೆ. ನಿಮ್ಮ ಪ್ಯಾಕಿನಲ್ಲಿ ಎಚ್‌ಡಿ ಇದ್ದರೂ ರೂಢಿಯಿಂದ ಹಳೇ ನಂಬರನ್ನೇ ಒತ್ತುತ್ತಿರಬಹುದು, ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ.

1080ರ ಪಕ್ಕ ಒಂದು ಚಿಕ್ಕ ಅಕ್ಷರ ಇರುತ್ತದೆ, ಐ ಅಥವಾ ಪಿ. ಪಿ ಎಂದರೆ ಪ್ರತಿ ಸಲವೂ ಪೂರ್ತಿ ಚಿತ್ರ. ಐ ಎಂದರೆ ಮೊದಲು ಬೆಸ ಸಂಖ್ಯೆಯ ಸಾಲುಗಳು, ಆಮೇಲೆ ಸಮ ಸಂಖ್ಯೆಯವು, ಹೀಗೆ ಸೆಕೆಂಡಿಗೆ 50 ಅರ್ಧರ್ಧ ಚಿತ್ರ. ನಮ್ಮ ಎಚ್‌ಡಿ ಚಾನೆಲ್‌ಗಳು ಸಾಮಾನ್ಯವಾಗಿ 1080ಐನಲ್ಲೇ ಬರುತ್ತವೆ. ಟಿವಿ ಎರಡು ಅರ್ಧವನ್ನು ಹೊಲಿದು ಒಂದು ಮಾಡುತ್ತದೆ. ಕಬಡ್ಡಿ ನೋಡುವಾಗ ಆಟಗಾರನ ಕೈಯಂಚು ಬಾಚಣಿಗೆ ಹಲ್ಲಿನ ಹಾಗೆ ಕಂಡರೆ ಹೊಲಿಗೆ ಸರಿಯಾಗಿ ಕೂತಿಲ್ಲ ಎಂದರ್ಥ.

4ಕೆ ಬೇಕಾ ಬೇಡವಾ ಎಂದು ತುಂಬ ಜನ ಕೇಳುತ್ತಾರೆ. ಅದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ನಿಮ್ಮ ಹಾಲ್‌ನಲ್ಲಿದೆ. ಒಂದು ಅಳತೆ ಟೇಪ್ ತೆಗೆದುಕೊಳ್ಳಿ. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು ಎನ್ನುವುದು ಹಳೆಯ ಲೆಕ್ಕ, ಕಣ್ಣಿನ ಡಾಕ್ಟರ ಅಕ್ಷರದ ಚಾರ್ಟ್ ಕೂಡ ಅದರ ಮೇಲೇ ನಿಂತಿದೆ. ಆ ಲೆಕ್ಕದಲ್ಲಿ 43 ಇಂಚಿನ ಫುಲ್ ಎಚ್‌ಡಿ ಟಿವಿಯಿಂದ ಐದೂವರೆ ಅಡಿಗಿಂತ ಹಿಂದೆ ಕೂತರೆ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುವುದು ನಿಲ್ಲುತ್ತದೆ. 55 ಇಂಚಿಗೆ ಆ ದೂರ ಸುಮಾರು ಏಳು ಅಡಿ, 65 ಇಂಚಿಗೆ ಎಂಟೂವರೆ. ಅಂದರೆ ಹತ್ತಡಿ ದೂರದ ಸೋಫಾದಲ್ಲಿ ಕೂತು 43 ಇಂಚಿನ ಟಿವಿ ನೋಡುವವರಿಗೆ 4ಕೆಯ ಹೆಚ್ಚಿನ ಚುಕ್ಕಿಗಳು ಕಾಣುವುದೇ ಇಲ್ಲ. 32 ಇಂಚಿನ 'ಎಚ್‌ಡಿ ರೆಡಿ' ಕೂಡ ಆರಡಿ ದಾಟಿದರೆ ಚೆನ್ನಾಗಿಯೇ ಕಾಣುತ್ತದೆ. ಚಿಕ್ಕ ಮನೆಗೆ ಅದನ್ನು ತಂದವರು ಯಾರೂ ಕಡಿಮೆ ತಂದೆವು ಎಂದು ಕೊರಗಬೇಕಾಗಿಲ್ಲ. (ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು, ಅಗಲ ಅಲ್ಲ. 55 ಇಂಚಿನ ಟಿವಿಯ ಅಗಲ ಸುಮಾರು 48 ಇಂಚು. ಷೋಕೇಸಿನ ಜಾಗ ಅಳೆಯುವಾಗ ಇದು ನೆನಪಿರಲಿ.)

ಇನ್ನು ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ. ಮೂರೂ ಒಂದೇ ಬಳಗದ ಹೆಸರಿನ ಹಾಗೆ ಕೇಳಿಸುತ್ತವೆ, ಆದರೆ ಮೊದಲ ಎರಡು ಒಂದು ಜಾತಿ, ಮೂರನೆಯದು ಪೂರ್ತಿ ಬೇರೆ. ಎಲ್‌ಇಡಿ ಟಿವಿ ಎಂದರೆ ಎಲ್‌ಸಿಡಿ ಪರದೆ, ಹಿಂದೆ ಎಲ್‌ಇಡಿ ದೀಪ. ದೀಪ ಯಾವಾಗಲೂ ಉರಿಯುತ್ತಿರುತ್ತದೆ, ಮುಂದಿನ ಪರದೆ ಕಿಟಕಿ ಬಾಗಿಲಿನ ಹಾಗೆ ತೆರೆದು ಮುಚ್ಚಿ ಬೆಳಕು ಬಿಡುತ್ತದೆ. ಕಪ್ಪು ಬೇಕೆಂದಾಗ ಬಾಗಿಲು ಮುಚ್ಚುತ್ತದೆ, ಆದರೂ ಸಂದಿಯಲ್ಲಿ ಬೆಳಕು ನುಸುಳುತ್ತದೆ. ರಾತ್ರಿ ದೃಶ್ಯದಲ್ಲಿ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಕ್ಯೂಎಲ್‌ಇಡಿ ಕೂಡ ಇದೇ, ದೀಪಕ್ಕೂ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಎನ್ನುವ ಅತಿ ಸಣ್ಣ ಕಣಗಳ ಒಂದು ಪದರ ಸೇರಿಸಿದ್ದಾರೆ ಅಷ್ಟೇ, ಅದರಿಂದ ಬಣ್ಣ ಶುದ್ಧವಾಗುತ್ತದೆ. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಒಂದು ದೀಪ, ಕಪ್ಪು ಬೇಕೆಂದರೆ ಆರಿಹೋಗುತ್ತದೆ. ಕಪ್ಪು ಎಂದರೆ ನಿಜವಾದ ಕಪ್ಪು. ಕತ್ತಲೆ ಕೋಣೆಯಲ್ಲಿ ಒಮ್ಮೆ ಅದನ್ನು ನೋಡಿದ ಮೇಲೆ ಬೇರೆ ಯಾವುದೂ ಕಣ್ಣಿಗೆ ಹಿಡಿಸುವುದು ಕಷ್ಟ.

ಹಾಗಂತ ಎಲ್ಲರಿಗೂ ಓಎಲ್‌ಇಡಿ ತನ್ನಿ ಎಂದು ಹೇಳುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ, ತಿಂಗಳುಗಟ್ಟಲೆ ನಿಂತರೆ ಆ ಚುಕ್ಕಿಗಳು ಬೇಗ ಸವೆದು ಅಚ್ಚು ಉಳಿದುಬಿಡುತ್ತದೆ, ಇದಕ್ಕೆ ಬರ್ನ್-ಇನ್ ಎನ್ನುತ್ತಾರೆ. ನಮ್ಮ ನ್ಯೂಸ್ ಚಾನೆಲ್‌ಗಳನ್ನು ನೆನೆಸಿಕೊಳ್ಳಿ, ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ಬೆಳಗಿಂದ ರಾತ್ರಿವರೆಗೆ ಅಲ್ಲೇ. ಇಡೀ ದಿನ ಸುದ್ದಿ ಹಾಕಿಡುವ ಮನೆಗೆ, ಅದರಲ್ಲೂ ಕಿಟಕಿಯಿಂದ ಬಿಸಿಲು ಬೀಳುವ ಹಾಲ್‌ಗೆ, ಒಳ್ಳೆ ಎಲ್‌ಸಿಡಿ ಜಾತಿಯ ಟಿವಿಯೇ ವಾಸಿ. ಅದರಲ್ಲೂ ಮಿನಿ ಎಲ್‌ಇಡಿ ಎನ್ನುವುದು ಬಂದಿದೆ. ಹಿಂದಿನ ದೀಪಗಳನ್ನು ಪುಟ್ಟದಾಗಿಸಿ ನೂರಾರು ಗುಂಪು ಮಾಡಿ, ಚಿತ್ರ ಕಪ್ಪಿರುವ ಕಡೆಯ ಗುಂಪನ್ನಷ್ಟೇ ಮಬ್ಬು ಮಾಡುತ್ತಾರೆ. ಹೀಗೆ ಭಾಗಭಾಗವಾಗಿ ದೀಪ ತಗ್ಗಿಸುವುದಕ್ಕೆ ಲೋಕಲ್ ಡಿಮ್ಮಿಂಗ್ ಎಂದು ಹೆಸರು. ಇದರ ಅರ್ಥ ಮುಂದಿನ ಪದಕ್ಕೆ ಬೇಕಾಗುತ್ತದೆ.

ಆ ಪದ ಎಚ್‌ಡಿಆರ್, ಅಂದರೆ ಅತಿ ಬೆಳಕನ್ನೂ ಅತಿ ಕತ್ತಲೆಯನ್ನೂ ಒಂದೇ ಚಿತ್ರದಲ್ಲಿ ವಿವರವಾಗಿ ತೋರಿಸುವ ಪದ್ಧತಿ. ನನ್ನ ಪ್ರಕಾರ ಇಡೀ ಡಬ್ಬದ ಮೇಲೆ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇದೇ. ಒಳ್ಳೆಯ ತಂತ್ರಜ್ಞಾನ, 4ಕೆಗಿಂತಲೂ ಕಣ್ಣಿಗೆ ಬೇಗ ಗೊತ್ತಾಗುವಂಥದ್ದು, ಅದಕ್ಕೇ ಸರಿಯಾಗಿ ತಿಳಿದುಕೊಳ್ಳಬೇಕು ಎನ್ನುವುದು.

ಬೆಳಕನ್ನು ನಿಟ್ ಎನ್ನುವ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮೇಣದಬತ್ತಿಯ ಬೆಳಕು ಎಂದು ಸುಮಾರಾಗಿ ಹಿಡಿಯಿರಿ. ಹಳೇ ಪದ್ಧತಿಯ ವಿಡಿಯೊವನ್ನು 100 ನಿಟ್‌ನ ಪರದೆಗೆಂದು ತಯಾರಿಸುತ್ತಿದ್ದರು. ಎಚ್‌ಡಿಆರ್ ಚಿತ್ರಗಳನ್ನು 1,000 ಅಥವಾ 4,000 ನಿಟ್‌ನ ಪರದೆ ಇಟ್ಟುಕೊಂಡು ತಯಾರಿಸುತ್ತಾರೆ. ದೇವಸ್ಥಾನದ ಗರ್ಭಗುಡಿಯನ್ನು ನೆನೆಸಿಕೊಳ್ಳಿ. ಸುತ್ತ ಕತ್ತಲೆ, ನಡುವೆ ಮಂಗಳಾರತಿ. ಹಳೇ ವಿಡಿಯೊದಲ್ಲಿ ಜ್ವಾಲೆ ಬರೀ ಬಿಳಿ ಮಚ್ಚೆ, ಕತ್ತಲೆ ಬರೀ ಕಪ್ಪು. ಎಚ್‌ಡಿಆರ್‌ನಲ್ಲಿ ಜ್ವಾಲೆಯೊಳಗಿನ ಹಳದಿಯೂ ಕಾಣಬೇಕು, ಹಿಂದಿನ ಕಲ್ಲುಗೋಡೆಯ ಎಣ್ಣೆ ಜಿಡ್ಡೂ ಕಾಣಬೇಕು. ಬಣ್ಣವೂ ಹಾಗೆ. ಹಳೆಯದರಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು, ಅದನ್ನು 8 ಬಿಟ್ ಎನ್ನುತ್ತಾರೆ, ಒಟ್ಟು 1.67 ಕೋಟಿ ಬಣ್ಣ. ಎಚ್‌ಡಿಆರ್‌ನ 10 ಬಿಟ್‌ನಲ್ಲಿ 1,024 ಮೆಟ್ಟಿಲು, ಒಟ್ಟು 107 ಕೋಟಿ. ಸಂಜೆ ಆಕಾಶದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯದೆ ಒಂದರೊಳಗೊಂದು ಕರಗಿದ ಹಾಗೆ ಕಾಣುವುದು ಇದರಿಂದ.

ತೊಂದರೆ ಎಲ್ಲಿ ಅಂದರೆ, ಕಡಿಮೆ ಬೆಲೆಯ ಎಷ್ಟೋ ಟಿವಿಗಳ ಬೆಳಕು 300 ನಿಟ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಲೋಕಲ್ ಡಿಮ್ಮಿಂಗ್ ಇರುವುದೇ ಇಲ್ಲ. ಆದರೂ ಡಬ್ಬದ ಮೇಲೆ ಎಚ್‌ಡಿಆರ್ ಎಂದು ಬರೆಯಬಹುದು, ಯಾಕೆಂದರೆ ಆ ಸಿಗ್ನಲ್ ಬಂದರೆ ಅದಕ್ಕೆ ಓದಲು ಬರುತ್ತದೆ. ಓದಲು ಬರುವುದು ಬೇರೆ, ತೋರಿಸಲು ಬರುವುದು ಬೇರೆ, ಅಲ್ವಾ? 1,000 ನಿಟ್‌ನ ಚಿತ್ರವನ್ನು 300ರೊಳಗೆ ಒತ್ತಿ ತುಂಬಬೇಕಾದಾಗ ಇಡೀ ದೃಶ್ಯವೇ ಮಬ್ಬಾಗುತ್ತದೆ. "ಹೊಸ ಟಿವೀಲಿ ಸಿನಿಮಾ ಕತ್ತಲೆ ಕತ್ತಲೆ ಕಾಣುತ್ತೆ" ಎಂದು ಜನ ದೂರುವುದು ಬಹಳ ಸಲ ಇದನ್ನೇ. ಅಂಥ ಟಿವಿ ಈಗಾಗಲೇ ಮನೆಯಲ್ಲಿದ್ದರೆ ಎಚ್‌ಡಿಆರ್ ಬಿಟ್ಟು ಸಾಮಾನ್ಯ ಚಿತ್ರವನ್ನೇ ಹಾಕಿ ನೋಡಿ, ಅದೇ ಚೆನ್ನಾಗಿ ಕಂಡರೆ ಅದನ್ನೇ ಇಟ್ಟುಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಹೊಸದು ತರುವುದಾದರೆ "ಎಚ್‌ಡಿಆರ್ ಇದೆಯಾ" ಎಂದು ಕೇಳಬೇಡಿ, "ಎಷ್ಟು ನಿಟ್, ಲೋಕಲ್ ಡಿಮ್ಮಿಂಗ್ ಇದೆಯಾ" ಎಂದು ಕೇಳಿ.

ಎಚ್‌ಡಿಆರ್10, ಎಚ್‌ಡಿಆರ್10+, ಡಾಲ್ಬಿ ವಿಷನ್ ಇವುಗಳ ವ್ಯತ್ಯಾಸ ಚಿಕ್ಕದು. ಮೊದಲನೆಯದರಲ್ಲಿ ಇಡೀ ಸಿನಿಮಾಗೆ ಬೆಳಕಿನ ಸೂಚನೆ ಒಂದೇ ಸಲ ಬರುತ್ತದೆ. ಉಳಿದೆರಡರಲ್ಲಿ ದೃಶ್ಯದಿಂದ ದೃಶ್ಯಕ್ಕೆ ಬದಲಾಗಬಲ್ಲದು. ಸ್ಯಾಮ್‌ಸಂಗ್ ಟಿವಿಗಳು ಎಚ್‌ಡಿಆರ್10+ ಪಕ್ಷ, ಅವುಗಳಲ್ಲಿ ಡಾಲ್ಬಿ ವಿಷನ್ ಇರುವುದಿಲ್ಲ. ಇದೊಂದಕ್ಕಾಗಿ ಟಿವಿ ಬೇಡ ಎನ್ನುವ ಅಗತ್ಯ ನನಗಂತೂ ಕಾಣುವುದಿಲ್ಲ. ಪರದೆಗೆ ಬೆಳಕಿನ ಶಕ್ತಿ ಇಲ್ಲದಿದ್ದರೆ ಯಾವ ಹೆಸರಿದ್ದರೂ ಅಷ್ಟೇ.

ಹರ್ಟ್ಸ್ ಎನ್ನುವುದು ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಎನ್ನುವ ಲೆಕ್ಕ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರಗಳಲ್ಲಿ. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿ ನೋಡಿ, ಸರಿಯಾಗಿ ಹೋಗುವುದಿಲ್ಲ. ಹಾಗಾಗಿ 60 ಹರ್ಟ್ಸ್ ಟಿವಿ ಒಂದು ಚಿತ್ರವನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತಾ ಹೋಗುತ್ತದೆ, ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಚಿತ್ರ ಸಣ್ಣದಾಗಿ ತಡವರಿಸುತ್ತದೆ. 120 ಹರ್ಟ್ಸ್‌ನಲ್ಲಿ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಸಲ. 120 ಹರ್ಟ್ಸ್‌ನ ಲಾಭ ಗೇಮ್ ಆಡುವವರಿಗಷ್ಟೇ ಅಲ್ಲ ಎನ್ನುವುದು ಇದಕ್ಕೇ. ಡಬ್ಬದ ಮೇಲೆ 'ಮೋಷನ್ ರೇಟ್ 120' ಎಂದಿದ್ದರೆ ಮಾತ್ರ ಹುಷಾರು, ಒಳಗಿನ ಪರದೆ 60ರದ್ದೇ ಇರಬಹುದು. 'ನೇಟಿವ್ ರಿಫ್ರೆಶ್ ರೇಟ್' ಎಷ್ಟು ಎಂದು ಕೇಳಬೇಕು.

ಇದರ ಜೊತೆಗೆ ಎಂಇಎಂಸಿ, ಮೋಷನ್ ಸ್ಮೂತಿಂಗ್ ಎಂದೆಲ್ಲ ಹೆಸರಿಟ್ಟ ಒಂದು ಸೆಟ್ಟಿಂಗ್ ಇರುತ್ತದೆ. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಟಿವಿಯೇ ಹುಟ್ಟಿಸಿ ಸೇರಿಸುತ್ತದೆ. ಕ್ರಿಕೆಟ್‌ಗೆ ಪರವಾಗಿಲ್ಲ. ಸಿನಿಮಾಗೆ ಹಾಕಿದರೆ ದೊಡ್ಡ ಬಜೆಟ್ಟಿನ ಚಿತ್ರವೂ ಸ್ಟುಡಿಯೋದಲ್ಲಿ ತೆಗೆದ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇಬ್ಬರೂ ಸೇರಿ ಇದನ್ನು ಆಫ್ ಮಾಡಿ ಎಂದು ಜನರನ್ನು ಕೇಳಿಕೊಂಡು ಒಂದು ವಿಡಿಯೊವನ್ನೇ ಮಾಡಿದ್ದರು. ಮರು ವರ್ಷ ಟಿವಿ ಕಂಪನಿಗಳು, ಸ್ಟುಡಿಯೋಗಳು ಸೇರಿ 'ಫಿಲ್ಮ್‌ಮೇಕರ್ ಮೋಡ್' ಎನ್ನುವುದನ್ನು ತಂದವು. ನಿಮ್ಮ ಟಿವಿಯಲ್ಲಿ ಅದಿದ್ದರೆ, ಇಲ್ಲವೇ 'ಸಿನಿಮಾ' ಎನ್ನುವ ಮೋಡ್ ಇದ್ದರೆ, ಸಿನಿಮಾ ನೋಡುವಾಗ ಅದನ್ನೇ ಹಾಕಿ. ಮೊದಲ ಎರಡು ದಿನ ಚಿತ್ರ ಹಳದಿ ಅನಿಸುತ್ತದೆ, ಮೂರನೇ ದಿನ ಹಳೇ 'ವಿವಿಡ್' ಮೋಡ್ ನೋಡಿದರೆ ಅದೇ ನೀಲಿ ಎನಿಸುತ್ತದೆ.

ಈಗ ಟಿವಿ ಬಿಟ್ಟು ನಾಲೆಯ ಮೇಲ್ಭಾಗಕ್ಕೆ ಹೋಗೋಣ, ಚಿತ್ರ ಹರಿದು ಬರುವ ಇಂಟರ್ನೆಟ್ಟಿನ ಕಡೆಗೆ. ಪ್ರತಿ ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 24 ಚಿತ್ರ ಎಂದು ಹಿಡಿದರೆ 4ಕೆ ವಿಡಿಯೊ ಹಾಗೆಯೇ ಕಳಿಸಲು ಸೆಕೆಂಡಿಗೆ ಸುಮಾರು 4,800 ಮೆಗಾಬಿಟ್ ಬೇಕು. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಮೆಗಾಬಿಟ್ ವೇಗದ ಸಂಪರ್ಕ. ಅಂದರೆ ಮುನ್ನೂರು ಪಟ್ಟಿಗಿಂತ ಜಾಸ್ತಿ ಹಿಂಡಿದ್ದಾರೆ. ಹೀಗೆ ಹಿಂಡುವ, ಆಮೇಲೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಗೋಡೆ ಅಲ್ಲಾಡದಿದ್ದರೆ ಪ್ರತಿ ಸಲ ಗೋಡೆಯನ್ನು ಕಳಿಸುವುದಿಲ್ಲ, ಮಾತಾಡುವವನ ತುಟಿ ಎಷ್ಟು ಸರಿಯಿತು ಎಂದಷ್ಟೇ ಕಳಿಸುತ್ತಾರೆ. ವಿಸಿಡಿ ಕಾಲದ್ದು ಎಂಪೆಗ್-1, ಅದರಲ್ಲಿ ಒಂದು ಸೀಡಿಗೆ 74 ನಿಮಿಷ, ಅದಕ್ಕೇ ಒಂದು ಸಿನಿಮಾಗೆ ಎರಡು ಮೂರು ಸೀಡಿ ಬಾಡಿಗೆಗೆ ತರುತ್ತಿದ್ದೆವು. ಡಿವಿಡಿಯದ್ದು ಎಂಪೆಗ್-2. ಆಮೇಲೆ 2003ರಲ್ಲಿ ಎಚ್.264, 2013ರಲ್ಲಿ ಎಚ್.265, ಇದಕ್ಕೇ ಎಚ್‌ಇವಿಸಿ ಎನ್ನುವುದು, 2018ರಲ್ಲಿ ಎವಿ1. ಹೊಸದು ಬಂದಂತೆ ಅದೇ ಚಿತ್ರಕ್ಕೆ ಕಡಿಮೆ ಡೇಟಾ ಸಾಕು, ಆದರೆ ಬಿಡಿಸುವ ಚಿಪ್ ನಿಮ್ಮ ಟಿವಿಯಲ್ಲಿ ಇರಬೇಕು.

ಪೆನ್‌ಡ್ರೈವ್ ಹಾಕಿದಾಗ ಚಿತ್ರ ಬಂದು ಧ್ವನಿ ಬರದಿರುವುದನ್ನು ತುಂಬ ಜನ ಕಂಡಿರುತ್ತೀರಿ. ಎಂಕೆವಿ, ಎಂಪಿ4 ಎನ್ನುವುದು ಟಿಫಿನ್ ಕ್ಯಾರಿಯರ್ ಇದ್ದ ಹಾಗೆ, ಒಂದು ಡಬ್ಬಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ, ಮೇಲಿನದರಲ್ಲಿ ಸಬ್‌ಟೈಟಲ್. ಕ್ಯಾರಿಯರ್ ಯಾವುದು ಎನ್ನುವುದು ಮುಖ್ಯ ಅಲ್ಲ, ಡಬ್ಬಿಯೊಳಗಿನ ಅಡುಗೆ ನಿಮ್ಮ ಟಿವಿಗೆ ಒಗ್ಗುತ್ತದಾ ಎನ್ನುವುದು ಮುಖ್ಯ. ಧ್ವನಿ ಡಿಟಿಎಸ್ ಪದ್ಧತಿಯದ್ದಾಗಿದ್ದರೆ ಎಷ್ಟೋ ಟಿವಿಗಳು ಅದನ್ನು ಮುಟ್ಟುವುದೇ ಇಲ್ಲ. ಇನ್ನು ದೊಡ್ಡ ಫೈಲು ಪೆನ್‌ಡ್ರೈವ್‌ಗೆ ಕಾಪಿಯೇ ಆಗುತ್ತಿಲ್ಲ ಎಂದರೆ ಅದು ಎಫ್‌ಎಟಿ32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಅದರಲ್ಲಿ 4 ಜಿಬಿ ದಾಟಿದ ಫೈಲು ಕೂರುವುದಿಲ್ಲ.

ಬಿಟ್‌ರೇಟ್ ಎನ್ನುವ ಪದಕ್ಕೆ ಡಬ್ಬದ ಮೇಲೆ ಜಾಗವಿಲ್ಲ, ಆದರೆ ಚಿತ್ರದ ಗುಣ ಬಹುಪಾಲು ಅದರಲ್ಲೇ ಇದೆ. ಸೆಕೆಂಡಿಗೆ ಎಷ್ಟು ಡೇಟಾ ಕೊಡುತ್ತಿದ್ದಾರೆ ಎನ್ನುವ ಲೆಕ್ಕ ಅದು. ಎರಡು ಆ್ಯಪ್‌ಗಳಲ್ಲೂ 1080ಪಿ ಎಂದೇ ಇರುತ್ತದೆ, ಒಂದರಲ್ಲಿ ಮಳೆಯ ದೃಶ್ಯ ಚೌಕಚೌಕವಾಗಿ ಒಡೆಯುತ್ತದೆ, ಇನ್ನೊಂದರಲ್ಲಿ ಇಲ್ಲ. ಚುಕ್ಕಿಯ ಲೆಕ್ಕ ಒಂದೇ, ತುಂಬಿದ್ದು ಬೇರೆ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಇಂಟರ್ನೆಟ್ ಪ್ಲಾನಿನ ವೇಗ ಮೆಗಾಬಿಟ್‌ನಲ್ಲಿರುತ್ತದೆ, ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. ಒಂದು ಬೈಟಿಗೆ ಎಂಟು ಬಿಟ್. 100 ಮೆಗಾಬಿಟ್ ಪ್ಲಾನಿನಲ್ಲಿ ಸೆಕೆಂಡಿಗೆ ಇಳಿಯುವುದು ಹನ್ನೆರಡೂವರೆ ಮೆಗಾಬೈಟ್, ಯಾರೂ ಮೋಸ ಮಾಡಿಲ್ಲ. 15 ಮೆಗಾಬಿಟ್‌ನಂತೆ ಎರಡೂವರೆ ಗಂಟೆ ಸಿನಿಮಾ ಓಡಿದರೆ ಸುಮಾರು 17 ಜಿಬಿ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಟಿವಿ ನೋಡುವವರು ಈ ಲೆಕ್ಕವನ್ನು ಮರೆಯಬಾರದು.

ಇಷ್ಟೆಲ್ಲ ಸರಿಯಿದ್ದೂ ಚಿತ್ರ ಮಸುಕಾದರೆ ಎರಡು ಕಡೆ ನೋಡಿ. ಒಂದು, ನಿಮ್ಮ ಪ್ಲಾನ್. ನೆಟ್‌ಫ್ಲಿಕ್ಸ್ 2019ರಲ್ಲಿ ಭಾರತದಲ್ಲಿ ಶುರು ಮಾಡಿದ ಮೊಬೈಲ್ ಪ್ಲಾನಿನ ಚಿತ್ರ 480ಪಿಯದ್ದು, 4ಕೆ ಬೇಕೆಂದರೆ ಎಲ್ಲಕ್ಕಿಂತ ಮೇಲಿನ ಪ್ಲಾನ್ ಕೊಳ್ಳಬೇಕು. ಎರಡು, ಬೀಗ. ಸಿನಿಮಾ ಕದಿಯದಂತೆ ಹಾಕುವ ಡಿಜಿಟಲ್ ಬೀಗಕ್ಕೆ ಡಿಆರ್‌ಎಂ ಎನ್ನುತ್ತಾರೆ. ಆಂಡ್ರಾಯ್ಡ್ ಫೋನು, ಬಾಕ್ಸುಗಳಲ್ಲಿ ಗೂಗಲ್‌ನ ವೈಡ್‌ವೈನ್ ಎನ್ನುವ ಬೀಗ ಇರುತ್ತದೆ. ಅದರಲ್ಲಿ ಎಲ್1, ಎಲ್3 ಎಂದು ದರ್ಜೆ. ಎಲ್3 ಮಾತ್ರ ಇರುವ ಅಗ್ಗದ ಆಂಡ್ರಾಯ್ಡ್ ಬಾಕ್ಸಿಗೆ ದೊಡ್ಡ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ, ನೀವು ಎಷ್ಟೇ ದುಡ್ಡಿನ ಪ್ಲಾನ್ ತೆಗೆದುಕೊಂಡಿದ್ದರೂ ಸರಿ. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು, ಕೊಂಡ ಮೇಲೆ ಸರಿಪಡಿಸಲು ಆಗುವುದಿಲ್ಲ.

ಫೋನಿನಿಂದ ಟಿವಿಗೆ ಹಾಕುವುದರಲ್ಲೂ ಎರಡು ಬಗೆ. ಮಿರರಿಂಗ್ ಎಂದರೆ ಫೋನಿನ ಪರದೆಯನ್ನೇ ಟಿವಿಗೆ ಕಳಿಸುವುದು, ಫೋನು ಬಿಸಿಯಾಗುತ್ತದೆ, ಕರೆ ಬಂದರೆ ಟಿವಿಯಲ್ಲೂ ಕಾಣುತ್ತದೆ. ಕಾಸ್ಟ್ ಎಂದರೆ ಫೋನು ಬರೀ ವಿಳಾಸ ಹೇಳುತ್ತದೆ, ಟಿವಿಯೇ ಇಂಟರ್ನೆಟ್ಟಿನಿಂದ ನೇರವಾಗಿ ತರಿಸಿಕೊಳ್ಳುತ್ತದೆ. ಕಾಸ್ಟ್ ಗುರುತು ಕಂಡರೆ ಅದನ್ನೇ ಒತ್ತಿ.

ಇನ್ನು ಧ್ವನಿ. ತೊಂಬತ್ತರ ದಶಕದ ಟೇಪ್‌ರೆಕಾರ್ಡರ್ ಡಬ್ಬಗಳ ಮೇಲೆ ಸಾವಿರಾರು ವಾಟ್ ಪಿಎಂಪಿಒ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಅದು ಒಂದು ಕ್ಷಣ ಮಾತ್ರ ಹೊಮ್ಮಬಹುದಾದ ಶಕ್ತಿಯ ಲೆಕ್ಕ, ಯಾವ ಕಟ್ಟುನಿಟ್ಟಿನ ಅಳತೆಯೂ ಅದಕ್ಕಿರಲಿಲ್ಲ. ಬಿಡುವಿಲ್ಲದೆ ಎಷ್ಟು ಕೊಡಬಲ್ಲದು ಎನ್ನುವುದಕ್ಕೆ ಆರ್‌ಎಂಎಸ್ ವಾಟ್ ನೋಡಬೇಕು, ಇವತ್ತಿಗೂ ಸೌಂಡ್‌ಬಾರ್ ಕೊಳ್ಳುವಾಗ ಅದನ್ನೇ ಕೇಳಿ.

5.1, 5.1.2 ಎನ್ನುವ ಅಂಕಿಗಳನ್ನು ಬಿಡಿಸುವುದು ಸುಲಭ. ಮೊದಲಿನದು ಕಿವಿಯ ಎತ್ತರದ ಸ್ಪೀಕರ್‌ಗಳು, ನಡುವಿನದು ಗುಡುಗಿನ ಸದ್ದಿನ ಸಬ್‌ವೂಫರ್, ಕೊನೆಯದು ಮೇಲಿಂದ ಸದ್ದು ಕೇಳಿಸುವ ಸ್ಪೀಕರ್‌ಗಳು. ಆ ಕೊನೆಯ ಅಂಕಿ ಅಟ್ಮಾಸ್‌ಗೆ ಸೇರಿದ್ದು. 2012ರಲ್ಲಿ ಡಾಲ್ಬಿಯವರು ಚಿತ್ರಮಂದಿರಗಳಿಗೆ ತಂದ ಈ ಪದ್ಧತಿಯಲ್ಲಿ 'ಈ ಸದ್ದು ಈ ಸ್ಪೀಕರ್‌ಗೆ' ಎಂದಷ್ಟೇ ಬರೆದಿಟ್ಟರೆ ಮುಗಿಯಲಿಲ್ಲ. 'ಈ ಹೆಲಿಕಾಪ್ಟರ್ ಈ ಜಾಗದಲ್ಲಿದೆ' ಎಂದು ಬರೆದಿಡುತ್ತಾರೆ, ಎಷ್ಟು ಸ್ಪೀಕರ್ ಇದೆಯೋ ಅಷ್ಟರಲ್ಲಿ ಅದನ್ನು ಆ ಜಾಗದಲ್ಲಿ ಕೇಳಿಸುವುದು ಯಂತ್ರದ ಕೆಲಸ. ಎರಡೇ ಸ್ಪೀಕರಿನ ಸೌಂಡ್‌ಬಾರ್ ಮೇಲೂ ಅಟ್ಮಾಸ್ ಎಂದಿರಬಹುದು. ಮತ್ತೆ ಅದೇ ಮಾತು, ಓದಲು ಬರುತ್ತದೆ. ಮೂರನೇ ಅಂಕಿ ಇಲ್ಲದಿದ್ದರೆ ಮೇಲಿಂದ ಬರುವ ಸದ್ದಿಗೆ ಸ್ಪೀಕರೇ ಇಲ್ಲ, ಕಿವಿಯನ್ನು ನಂಬಿಸುವ ಪ್ರಯತ್ನ ಅಷ್ಟೇ.

ಸೌಂಡ್‌ಬಾರನ್ನು ಟಿವಿಗೆ ಜೋಡಿಸುವಾಗ ಎಆರ್‌ಸಿ, ಇಎಆರ್‌ಸಿ ಎನ್ನುವ ಪದ ಬರುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಸಾಮಾನ್ಯವಾಗಿ ಚಿತ್ರವೂ ಧ್ವನಿಯೂ ಟಿವಿಯ ಕಡೆಗೆ ಹರಿಯುತ್ತವೆ, ಎಆರ್‌ಸಿ ಎಂದರೆ ಅದೇ ತಂತಿಯಲ್ಲಿ ಟಿವಿಯ ಧ್ವನಿ ವಾಪಸ್ ಸೌಂಡ್‌ಬಾರಿಗೆ ಹರಿಯುವುದು, ಇಎಆರ್‌ಸಿ ಎಂದರೆ ಅದರದ್ದೇ ಹೆಚ್ಚು ಧ್ವನಿ ಹೊರಬಲ್ಲ ಹೊಸ ರೂಪ. ಟಿವಿಯ ನಾಲ್ಕು ಎಚ್‌ಡಿಎಂಐ ತೂತುಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲೆ ಮಾತ್ರ ಹಾಗೆ ಬರೆದಿರುತ್ತದೆ, ಅದಕ್ಕೇ ಹಾಕಬೇಕು. ಸೆಟ್ಟಿಂಗ್‌ನಲ್ಲಿ ಸಿಇಸಿ ಎನ್ನುವುದೂ, ಅಂದರೆ ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದ ಉಪಕರಣಗಳು ಒಂದಕ್ಕೊಂದು ಸೂಚನೆ ಕೊಡುವ ವ್ಯವಸ್ಥೆ, ಆನ್ ಆಗಿರಬೇಕು. ಅದನ್ನು ಸ್ಯಾಮ್‌ಸಂಗ್ ಎನಿನೆಟ್+ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುತ್ತವೆ. ಆ್ಯಪ್‌ಗಳಲ್ಲಿ ಬರುವ ಅಟ್ಮಾಸ್ ಹಿಂಡಿದ ಧ್ವನಿ, ಅದಕ್ಕೆ ಮಾಮೂಲಿ ಎಆರ್‌ಸಿ ಸಾಕು. ಬ್ಲೂ-ರೇ ಡಿಸ್ಕಿನ ಪೂರ್ತಿ ಧ್ವನಿಗೆ ಮಾತ್ರ ಇಎಆರ್‌ಸಿ ಬೇಕು. ಬರೀ ಒಟಿಟಿ ನೋಡುವವರು ಇಎಆರ್‌ಸಿ ಇಲ್ಲ ಎಂದು ಸುಮ್ನೆ ಜಾಸ್ತಿ ದುಡ್ಡು ಹಾಕಬೇಕಾಗಿಲ್ಲ. ಧ್ವನಿಯನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ಕೇಬಲ್‌ನಲ್ಲಿ ಮಾತ್ರ ಅಟ್ಮಾಸ್ ಬರುವುದಿಲ್ಲ. ಚಿನ್ನದ ಲೇಪದ ಎಚ್‌ಡಿಎಂಐಗೆ ಸಾವಿರಾರು ರೂಪಾಯಿ ಕೊಡುವುದಂತೂ ಬೇಡವೇ ಬೇಡ. 4ಕೆ 60 ಹರ್ಟ್ಸ್‌ಗೆ ಸೆಕೆಂಡಿಗೆ 18 ಗಿಗಾಬಿಟ್ ಎಂದು ಬರೆದದ್ದು, 120 ಹರ್ಟ್ಸ್ ಗೇಮಿಗೆ 48 ಎಂದು ಬರೆದದ್ದು, ಅಷ್ಟು ನೋಡಿದರೆ ಆಯಿತು.

ಅಕ್ಕನ ಅತ್ತೆಯದ್ದು ಬೇರೆಯೇ ದೂರು. "ಮಾತು ಕೇಳ್ಸಲ್ಲ, ಹಾಡು ಬಂದ್ರೆ ಕಿವಿ ಕಿತ್ತೋಗ್ತದೆ." ಇದಕ್ಕೂ ಕಾರಣ ಇದೆ. 5.1 ಧ್ವನಿಯಲ್ಲಿ ಮಾತು ನಡುವಿನ ಸ್ಪೀಕರಿಗೆಂದು ಬೇರೆಯಾಗಿ ಇರುತ್ತದೆ. ಟಿವಿಯ ಎರಡು ಪುಟ್ಟ ಸ್ಪೀಕರ್‌ಗಳೊಳಗೆ ಆರನ್ನೂ ಕಲಸಿ ತುಂಬಿದಾಗ ಮಾತು ಮುಳುಗಿಹೋಗುತ್ತದೆ, ಜೊತೆಗೆ ಸಿನಿಮಾದಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರವನ್ನು ಚಿತ್ರಮಂದಿರಕ್ಕೆಂದು ಇಟ್ಟಿರುತ್ತಾರೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿದೆ, ಟಿವಿಯಲ್ಲಿ 'ಕ್ಲಿಯರ್ ವಾಯ್ಸ್' ಎನ್ನುವುದನ್ನು ಹಾಕಿದೆ. ಎಷ್ಟೋ ಟಿವಿಗಳಲ್ಲಿ 'ನೈಟ್ ಮೋಡ್' ಎಂದೂ ಇರುತ್ತದೆ, ಅದು ಜೋರು ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಈ ಮೂರು ಸೆಟ್ಟಿಂಗ್ ಯಾವ 4ಕೆಗಿಂತಲೂ ದೊಡ್ಡ ಉಪಕಾರ.

ಆ ಸಂಜೆ ಪೇಟೆಗೆ ಹೋಗಿ 200 ರೂಪಾಯಿಯ ಎಚ್‌ಡಿಎಂಐ ತಂದೆವು. ಬಾಕ್ಸಿನ ಸೆಟ್ಟಿಂಗ್‌ನಲ್ಲಿ 576 ಎಂದು ಕೂತಿದ್ದನ್ನು 1080ಕ್ಕೆ ಬದಲಾಯಿಸಿದೆ, ಅಕ್ಕ ದಿನಾ ನೋಡುವ ಚಾನೆಲ್‌ನ ಎಚ್‌ಡಿ ನಂಬರನ್ನು ಒಂದು ಚೀಟಿಯಲ್ಲಿ ಬರೆದು ರಿಮೋಟಿಗೆ ಅಂಟಿಸಿದೆ. ಮರುದಿನ ಪಕ್ಕದ ಮನೆಯವರು ಬಂದು ಟಿವಿ ಬದಲಾಯಿಸಿದ್ರಾ ಎಂದು ಕೇಳಿದರಂತೆ. ಭಾವ ಅವರನ್ನು ಟಿವಿ ಹಿಂದೆ ಕರೆದುಕೊಂಡು ಹೋಗಿ ಕಿತ್ತಿಟ್ಟ ಹಳದಿ ಪಿನ್ನನ್ನು ತೋರಿಸಿದ್ದಾರೆ.